ಕೆರೆಗೆ ಬಂದ ಬೆಂಗಳೂರಿನ ನೀರು: ಕೋಲಾರದ ಆರೋಗ್ಯಕ್ಕೆ ಒಳಿತೇ, ಕೆಡುಕೇ?

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವುದು ಯೋಜನೆಯ ಲೆಕ್ಕ. ಈ ನೀರಿನಿಂದ ಇಲ್ಲಿನವರ ಆರೋಗ್ಯ ಉಳಿಯಿತೇ, ಕೆಡುತ್ತಿದೆಯೇ? ಇಬ್ಬರ ಎರಡು ಮಾತು ಇಲ್ಲಿವೆ.

ಪರ: ವಿಷ ಮೊದಲೇ ಪಾತಾಳದಲ್ಲಿತ್ತು

ನಮ್ಮ ಅತ್ತೆಯವರನ್ನು ಹಿಂದಿನಿಂದ ಕೂಗಿದರೆ ಅವರು ಕತ್ತು ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ನನ್ನ ಮಕ್ಕಳು ಚಿಕ್ಕವರಿದ್ದಾಗ ಅದನ್ನು ಆಟವೆಂದುಕೊಂಡು ಬೇಕೆಂದೇ ಬೆನ್ನ ಹಿಂದೆ ನಿಂತು ‘ಅಜ್ಜೀ’ ಎನ್ನುತ್ತಿದ್ದರು. ವಾತ ಎಂದುಕೊಂಡು ವರ್ಷಗಟ್ಟಲೆ ಎಣ್ಣೆ ತಿಕ್ಕಿದೆವು. ಬೆನ್ನು ಬಾಗಿತು, ಮಂಡಿ ಮಡಚದಾಯಿತು, ಕೊನೆಗೆ ಅವರು ನೆಲದ ಮೇಲೆ ಕೂರುವುದನ್ನೇ ಬಿಟ್ಟರು. ಮೂಳೆಗೆ ಫ್ಲೋರೈಡ್ ಹತ್ತಿದೆ ಎಂದು ಒಬ್ಬ ಡಾಕ್ಟರು ಹೇಳುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ನಮ್ಮೂರು ನರಸಾಪುರ ಹೋಬಳಿಯಲ್ಲಿದೆ. ನಾನು ಮದುವೆಯಾಗಿ ಬಂದಾಗ ಬಾವಿಯಲ್ಲಿ ಮೆಟ್ಟಿಲಿಳಿದು ನೀರು ತುಂಬುತ್ತಿದ್ದೆವು. ಆಮೇಲೆ ಬಾವಿ ಬತ್ತಿ ಕೊಳವೆಬಾವಿ ಬಂತು. ಮುನ್ನೂರು ಅಡಿ, ಆರುನೂರು, ಸಾವಿರ, ಸಾವಿರದ ಇನ್ನೂರು. ರಿಗ್ ಲಾರಿ ಬರುವ ಮುಂಚೆ ತೆಂಗಿನಕಾಯಿ ಹಿಡಿದು ಹೊಲ ಸುತ್ತಿದವರು ಎಷ್ಟು ಜನವೋ. ಅಷ್ಟು ಆಳದ ನೀರು ನಿನ್ನೆ ಮೊನ್ನೆ ಬಿದ್ದ ಮಳೆಯದಲ್ಲ. ಎಷ್ಟೋ ಕಾಲದಿಂದ ಕಲ್ಲಿನ ಸಂದಿಯಲ್ಲಿ ನಿಂತು, ಆ ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡ ನೀರು ಅದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಇರಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ಹಲ್ಲು ಹುಟ್ಟುವ ಕಾಲದಲ್ಲಿ ಕುಡಿದ ಮಕ್ಕಳಿಗೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಮ್ಮ ಕಡೆಯ ಹುಡುಗಿಯರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುವುದು ನಾಚಿಕೆಯಿಂದ ಎಂದು ಹೊರಗಿನವರು ತಿಳಿಯುತ್ತಾರೆ. ಹಲ್ಲು ತೋರಿಸಲು ಅವರಿಗೆ ಮುಜುಗರ, ಅಷ್ಟೇ. ಇದು ಸಾಲದೆಂಬಂತೆ ಈ ಭಾಗದ ಆಳದ ಕೊಳವೆಬಾವಿಗಳಲ್ಲಿ ಮೂತ್ರಪಿಂಡಕ್ಕೆ ಕೆಡುಕು ಮಾಡುವ ಯುರೇನಿಯಂ ಕೂಡ ಪತ್ತೆಯಾಗಿದೆ.

ಶುದ್ಧ ನೀರಿನ ಘಟಕ ಇದೆಯಲ್ಲ ಎನ್ನುತ್ತಾರೆ. ಇದೆ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ಅದೂ ಮೋಟಾರು ಸುಟ್ಟಿರದಿದ್ದರೆ, ಕರೆಂಟು ಇದ್ದರೆ. ಆದರೆ ಯಾವ ಮನೆಯಲ್ಲಿ ಮುದ್ದೆಗೆ ಎಸರಿಡಲು ಕ್ಯಾನಿನ ನೀರು ಬಳಸುತ್ತಾರೆ? ಎಸರಿಗೆ, ಸಾರಿಗೆ, ಕಾಳು ನೆನೆಹಾಕಲು ನಲ್ಲಿಯ ನೀರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಕುಡಿಯುವುದು ಒಂದು ನೀರು, ಉಣ್ಣುವುದು ಇನ್ನೊಂದು ನೀರು.

ಕೆರೆಗೆ ನೀರು ಬಂದ ಮೇಲೆ ಏನಾಯಿತು ಎಂಬುದನ್ನು ಪೈಪಿನ ಲೆಕ್ಕದಲ್ಲಿ ಹೇಳುತ್ತೇನೆ. ಮೋಟಾರು ಕೆಟ್ಟಿತೆಂದು ಮೇಲೆತ್ತಿಸಿದಾಗ ಬೋರಿನವರು ‘ಅಮ್ಮಾ, ನೀರು ಇಷ್ಟು ಮೇಲೆ ನಿಂತಿರುವಾಗ ಅಷ್ಟು ಕೆಳಗೆ ಯಾಕೆ ಬಿಡುತ್ತೀರಿ’ ಎಂದರು. ಇಪ್ಪತ್ತಮೂರು ಪೈಪುಗಳನ್ನು ಹೊರಗೇ ಉಳಿಸಿಕೊಂಡು ಮೋಟಾರು ಇಳಿಸಿದೆವು. ಅವು ಈಗ ದನದ ಕೊಟ್ಟಿಗೆಗೆ ಅಡ್ಡಕಟ್ಟಾಗಿವೆ. ಊರಿಗೆ ಬಂದ ತಪಾಸಣೆಯವರು ಸೀಸೆಗೆ ಔಷಧ ಹಾಕಿ ಬಣ್ಣ ಹೋಲಿಸಿ ನೋಡಿದಾಗ, ಹಿಂದೆ ಹಳದಿಗೆ ತಿರುಗುತ್ತಿದ್ದ ನಮ್ಮ ನೀರು ಗುಲಾಬಿಯ ಕಡೆಗೆ ಉಳಿದಿತ್ತು. ಹಳದಿಯಾದಷ್ಟೂ ಫ್ಲೋರೈಡ್ ಹೆಚ್ಚಂತೆ. ಮೇಲಿನಿಂದ ಇಂಗಿದ ನೀರು ಆಳದ ನೀರಿನೊಂದಿಗೆ ಬೆರೆತು ಅದನ್ನು ತೆಳುವಾಗಿಸಿದೆ. ಇದು ನನಗೂ ಅರ್ಥವಾಗುವ ಲೆಕ್ಕ.

ನೊರೆ ಬಂದದ್ದು ಸುಳ್ಳಲ್ಲ. 2018ರ ಜುಲೈನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದದ್ದನ್ನು ಎಲ್ಲರೂ ಕಂಡರು. ತಪ್ಪು ಮಾಡಿದವರನ್ನು ಹಿಡಿದು ಕೇಳಬೇಕು, ಕೇಳಿದ್ದೂ ಆಯಿತು. ಆದರೆ ನೀರೇ ಬೇಡ ಎನ್ನುವವರು ಬದಲಿಗೆ ಏನು ಕೊಡುತ್ತಾರೆ? ಪಶ್ಚಿಮ ಘಟ್ಟದಿಂದ ಇತ್ತ ನೀರು ತರುವ ಎತ್ತಿನಹೊಳೆ ಯೋಜನೆಯ ಶಂಕುಸ್ಥಾಪನೆ 2014ರಲ್ಲೇ ಆಯಿತು. ಅಂದು ಹುಟ್ಟಿದ ಮಗುವಿಗೆ ಹಾಲುಹಲ್ಲು ಬಿದ್ದು ಕಾಯಂ ಹಲ್ಲೂ ಬಂದಾಯಿತು. ಆ ಹಲ್ಲು ಯಾವ ನೀರಿನಲ್ಲಿ ಬೆಳೆಯಿತು? ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯಿಲ್ಲ. ನಾವು ಬೇಡವೆಂದರೆ ಬೆಂಗಳೂರಿನ ಕೊಳಚೆ ನಿಂತುಬಿಡುವುದಿಲ್ಲ, ಮೊದಲಿನಂತೆ ಬೆಳ್ಳಂದೂರು, ವರ್ತೂರು ಹಾಯ್ದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ.

ನೀರು ಸಿಗದ ಬೋರಿನ ಸಾಲವೂ ರೋಗವೇ ಎಂದು ಯಾವ ಪ್ರಯೋಗಾಲಯವೂ ಬರೆದುಕೊಡುವುದಿಲ್ಲ. ನಮ್ಮ ಯಜಮಾನರು ಮೂರನೆಯ ಬೋರು ಫೇಲ್ ಆದ ವರ್ಷ ರಾತ್ರಿಯೆಲ್ಲ ಜಗಲಿಯ ಮೇಲೆ ಕೂತಿರುತ್ತಿದ್ದರು. ಈಗ ಒಂಬತ್ತಕ್ಕೆಲ್ಲ ಗೊರಕೆ.

ವಿರೋಧ: ಸೀಸೆ ಕಪ್ಪಾದ ಮೇಲೆ

ಫ್ಲೋರೈಡ್ ಬಗ್ಗೆ ಆ ತಾಯಿ ಬರೆದ ಒಂದು ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ. ಆರೋಗ್ಯ ಇಲಾಖೆಯಲ್ಲಿ ಹಳ್ಳಿ ಸುತ್ತಿ ನಿವೃತ್ತನಾದವನು ನಾನು. ಬಾಗಿದ ಬೆನ್ನುಗಳನ್ನು ಅವರಿಗಿಂತ ಹೆಚ್ಚೇ ನೋಡಿದ್ದೇನೆ. ಆದರೆ ಒಂದು ವಿಷವನ್ನು ತೆಳುವಾಗಿಸಲು ಇನ್ನೊಂದನ್ನು ಬೆರೆಸಬಹುದೇ ಎಂಬುದು ನನ್ನ ತಕರಾರು.

ನಮ್ಮ ಕೈಗೆ ಒಂದು ಸಣ್ಣ ಸೀಸೆ ಕೊಡುತ್ತಿದ್ದರು. ಗೆರೆಯವರೆಗೆ ನೀರು ತುಂಬಿ, ಅಲ್ಲಾಡಿಸಿ, ನೆರಳಿನಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ಬಣ್ಣ ಬದಲಾಗದಿದ್ದರೆ ಒಳ್ಳೆಯದು. ಕಪ್ಪಾದರೆ ಮಲದ ಸೋಂಕಿನ ಗುಮಾನಿ. ನಿವೃತ್ತಿಗೆ ಮುಂಚೆ ಕೆರೆ ಏರಿಯ ಕೆಳಗಿನ ಒಂದು ಮನೆಯ ತೆರೆದ ಬಾವಿಯಿಂದ ನೀರು ಹಿಡಿದು ಅವರ ಗೂಡಿನಲ್ಲೇ ಸೀಸೆ ಇಟ್ಟು ಬಂದಿದ್ದೆ. ಇಪ್ಪತ್ತು ವರ್ಷ ಬತ್ತಿದ್ದು ಕೆರೆ ತುಂಬಿದ ಮೇಲೆ ಮತ್ತೆ ತುಂಬಿದ ಬಾವಿ ಅದು. ಮನೆಯವರು ಬಾವಿಗೆ ಅರಿಶಿನ ಕುಂಕುಮ ಇಟ್ಟಿದ್ದರು. ಮರುದಿನ ಹೋದಾಗ ಮನೆಯ ಮುದುಕಿ ಸೀಸೆ ತಂದು ಕೊಟ್ಟು ‘ಕಾಫಿ ಆಗಿದೆ ನೋಡಪ್ಪ’ ಎಂದಳು. ಅದು ಕೆರೆಯಿಂದಲೇ ಬಂತು ಎಂದು ನಾನು ಆಣೆ ಹಾಕಲಾರೆ, ಪಕ್ಕದ ಶೌಚದ ಗುಂಡಿಯಿಂದಲೂ ಬಂದಿರಬಹುದು. ಆದರೆ ಬತ್ತಿದ ಬಾವಿಯಿಂದ ಯಾರಿಗೂ ಬೇಧಿಯಾಗುವುದಿಲ್ಲ, ತುಂಬಿದ ಬಾವಿಯಿಂದ ಆಗಬಹುದು.

ಎರಡು ಹಂತದ ಶುದ್ಧೀಕರಣ ಎಂದರೆ ಏನು ಎಂದು ಊರೂರಿನಲ್ಲಿ ಹೇಳಬೇಕಿತ್ತು, ಯಾರೂ ಹೇಳಲಿಲ್ಲ. ಮೊದಲ ಹಂತದಲ್ಲಿ ಕಸ ಸೋಸಿ ಗಷ್ಟು ತಳಕ್ಕಿಳಿಸುತ್ತಾರೆ. ಎರಡನೆಯದರಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಕೊಳೆಯುವ ಹೊಲಸನ್ನು ಅವುಗಳಿಂದ ತಿನ್ನಿಸುತ್ತಾರೆ. ನೀರು ತಿಳಿಯಾಗುತ್ತದೆ, ನಾತ ಕಡಿಮೆಯಾಗುತ್ತದೆ. ಆದರೆ ನೈಟ್ರೇಟು, ಸೋಪಿನ ಪುಡಿಯ ರಂಜಕ, ಜನ ನುಂಗಿದ ಮಾತ್ರೆಗಳ ಶೇಷ, ಕಾರ್ಖಾನೆಯವರು ಕದ್ದು ಚರಂಡಿಗೆ ಬಿಟ್ಟ ಲೋಹ, ಇವೆಲ್ಲ ಪೂರ್ತಿ ಹೋಗುವುದಿಲ್ಲ. ಅದಕ್ಕಾಗಿಯೇ ಮೂರನೆಯ ಹಂತ ಇರುವುದು. ನಮ್ಮ ಕೆರೆಗಳಲ್ಲಿ ಅಂತರಗಂಗೆ ಕಳೆ ಹಾಸುಗಂಬಳಿಯಂತೆ ಹಬ್ಬುವುದು ಗಂಗಮ್ಮನ ಕೃಪೆಯಿಂದಲ್ಲ. ನೀರಿನಲ್ಲಿ ಗೊಬ್ಬರ ಉಳಿದಿದೆ ಎಂದೇ ಅರ್ಥ. ಈ ಕಣಿವೆಯ ಕೊಳಚೆ ಎಂಥದ್ದು ಎಂಬುದಕ್ಕೆ ನೊರೆ ಕಾರಿ ಬೆಂಕಿಯನ್ನೂ ಹೊತ್ತಿಸಿಕೊಂಡ ಬೆಳ್ಳಂದೂರು ಕೆರೆಯೇ ಸಾಕ್ಷಿ. ಲಕ್ಷ್ಮೀಸಾಗರದ ನೊರೆಯ ನಂತರ ಹೈಕೋರ್ಟು ತಡೆ ಕೊಟ್ಟಿತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸುಮ್ಮನೆ ಹೋಯಿತೇ?

ನೈಟ್ರೇಟಿನ ವಿಷಯಕ್ಕೆ ಬರೋಣ. ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ಮಾನದಂಡ. ದಾಟಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಎಳೆಗೂಸಿಗೆ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕುಂದಬಹುದು, ಮಗುವಿನ ತುಟಿ ನೀಲಿಗಟ್ಟಬಹುದು. ಕುದಿಸಿದರೆ ಹೋಗದು; ಆ ತಾಯಿ ಫ್ಲೋರೈಡಿಗೆ ಹೇಳಿದ ಮಾತು ಇದಕ್ಕೂ ಸಲ್ಲುತ್ತದೆ.

ಮಣ್ಣು ಸೋಸುತ್ತದೆ, ಇಂಗಿದ ನೀರು ಶುದ್ಧವಾಗಿ ಇಳಿಯುತ್ತದೆ ಎಂದು ಅಧಿಕಾರಿಗಳು ಹೇಳುತ್ತಾರೆ. ಮಣ್ಣು ಸೂಕ್ಷ್ಮಜೀವಿಗಳನ್ನು ಬಹುಮಟ್ಟಿಗೆ ತಡೆಯುತ್ತದೆ, ಒಪ್ಪಿದೆ. ನೈಟ್ರೇಟನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಅದೂ ಅಲ್ಲದೆ ನಮ್ಮದು ಮರಳಿನ ನೆಲವಲ್ಲ, ಬಂಡೆಯ ಸೀಮೆ; ನೀರು ಬಿರುಕು ಹಿಡಿದರೆ ಸೋಸುವವರು ಯಾರೂ ಇಲ್ಲ. ಇನ್ನು ಕೆರೆಯಂಗಳದಲ್ಲೂ ಅಂಚಿನ ಹೊಲಗಳಲ್ಲೂ ಇರುವ ಸತ್ತ ಬೋರುಗಳ ಮಾತು. ಬರಗಾಲದ ವರ್ಷಗಳಲ್ಲಿ ಕೊರೆದು, ನೀರು ಬಾರದೆ, ಗೋಣಿಚೀಲ ತುರುಕಿ ಕಲ್ಲು ಮುಚ್ಚಿ ಕೈಬಿಟ್ಟ ತೂತುಗಳು. ಅವುಗಳ ಮೇಲೀಗ ನೀರು ನಿಂತಿದೆ. ಎಳನೀರಿಗೆ ಕೊಳವೆ ಚುಚ್ಚಿದಂತೆ ನೇರ ಪಾತಾಳಕ್ಕೇ ದಾರಿ.

ಕೆರೆಯಿಂದ ನೇರವಾಗಿ ನೀರೆತ್ತಬಾರದು, ಅಂತರ್ಜಲಕ್ಕೆ ಮಾತ್ರ ಎಂದು ನಿಯಮವಿದೆ. ರಾತ್ರಿ ಏರಿಯ ಮೇಲೆ ನಡೆದುಹೋದರೆ ಆ ನಿಯಮಕ್ಕೆ ಡೀಸೆಲ್ ಪಂಪಿನ ಸದ್ದು ಕೇಳಿಸುತ್ತದೆ. ಆ ನೀರು ಕೊತ್ತಂಬರಿ ಸೊಪ್ಪಿಗೆ, ಟೊಮ್ಯಾಟೊಗೆ, ಹಸುವಿನ ಹುಲ್ಲಿಗೆ. ಅಲ್ಲಿಂದ ಸೊಪ್ಪು, ಹಾಲು ಬೆಂಗಳೂರಿಗೆ. ಬಿಟ್ಟವರ ತಟ್ಟೆಗೇ ಅದು ವಾಪಸು ಹೋಗುತ್ತದೆ ಎಂದು ನಮ್ಮಲ್ಲಿ ಕೆಲವರು ನಗುತ್ತಾರೆ, ನನಗಂತೂ ನಗು ಬರುವುದಿಲ್ಲ.

ಕೊಳಚೆಯನ್ನು ಶುದ್ಧೀಕರಿಸಿ ಬಳಸುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದ ಅಂಥ ನೀರನ್ನು ಕುಡಿಯುತ್ತಿದೆ. ಸಿಂಗಪುರ 2003ರಿಂದ ತನ್ನ ಜಲಾಶಯಗಳಿಗೆ ಬೆರೆಸುತ್ತಿದೆ. ಆದರೆ ಅವರು ಎರಡನೆಯ ಹಂತಕ್ಕೆ ಕೈತೊಳೆದುಕೊಳ್ಳಲಿಲ್ಲ. ಸಿಂಗಪುರದಲ್ಲಿ ಅದರ ಮೇಲೆ ಸೂಕ್ಷ್ಮ ಸೋಸಣೆ, ಆರ್‌ಒ, ನೇರಳಾತೀತ ಕಿರಣ, ಮೂರೂ ಇವೆ. ಇಲ್ಲಿ ಮೂರನೆಯ ಹಂತ ಕೇಳಿದರೆ ಖರ್ಚು ಹೆಚ್ಚು ಎಂಬ ಉತ್ತರ ಬರುತ್ತದೆ. ಬೆಂಗಳೂರಿನ ಖರ್ಚು ಉಳಿದು ಕೋಲಾರದ ಆಸ್ಪತ್ರೆ ಚೀಟಿಗೆ ಬಂದರೆ ಅದು ಉಳಿತಾಯ ಹೇಗಾಗುತ್ತದೆ? ಮೂರನೆಯ ಹಂತ ಕಟ್ಟಿ ಮುಗಿಸುವವರೆಗೆ ಹೊಸ ಕೆರೆಗಳಿಗೆ ಹರಿಸಬಾರದು. ಈಗ ತುಂಬಿರುವ ಕೆರೆಗಳ ಪರೀಕ್ಷೆಯ ಫಲಿತಾಂಶವನ್ನು ತಿಂಗಳು ತಿಂಗಳು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಗೋಡೆಗೆ ಬಣ್ಣ ಬಳಿಯುವ ಖರ್ಚು ಅಂಥ ಹೆಚ್ಚೇನಲ್ಲ.

ಆ ಸೀಸೆ ಕಪ್ಪಾದ ಮನೆಗೆ ಕಳೆದ ಯುಗಾದಿಯ ಹೊತ್ತಿಗೆ ಮತ್ತೆ ಹೋಗಿದ್ದೆ. ಸೊಸೆ ಬಾವಿಕಟ್ಟೆಯ ಮೇಲೆ ಕೂತು ಮಗುವಿನ ಹಾಲಿನ ಬಾಟಲಿ ತೊಳೆಯುತ್ತಿದ್ದಳು. ಈ ನೀರು ಬೇಡವೆಂದು ಹೇಳಿದ್ದೆನಲ್ಲಮ್ಮ ಎಂದೆ. ‘ಕುಡಿಯುವುದಕ್ಕಲ್ಲ ಸಾರ್, ತೊಳೆಯುವುದಕ್ಕೆ ತಾನೇ’ ಎಂದಳು.