ಸ್ಪಷ್ಟನೆ: ಗಡಿಯಾರದ ಹಿಂದಿನ '1855' ಅದು ತಯಾರಾದ ವರ್ಷವಲ್ಲ

ಹಳೇ ಫ್ರೆಂಚ್ ಕಂಚಿನ ಗಡಿಯಾರದಲ್ಲಿ '1855' ಅಂತಿದ್ದರೆ ಅದು ಆ ವರ್ಷದ್ದೇ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಹಿಂಬದಿಯ ಮುಚ್ಚಳ ತೆಗೆದು ನೋಡಿ. ಹಿತ್ತಾಳೆ ತಗಡಿನ ಮೇಲೆ ಪುಟ್ಟ ದುಂಡು ಮುದ್ರೆ, ಅದರಲ್ಲಿ 'ಜಾಪಿ ಫ್ರೇರ್' ಎಂಬ ಹೆಸರು, ಜೊತೆಗೆ ಇಸವಿ. ಅದು 1855ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆ ಕಂಪನಿಗೆ ಸಿಕ್ಕ ಪದಕದ ಗುರುತು. ಆಮೇಲೂ ಎಷ್ಟೋ ವರ್ಷ ಅದೇ ಮುದ್ರೆ ಒತ್ತುತ್ತಿದ್ದರು. ಯಂತ್ರ 1855ಕ್ಕಿಂತ ಹಳೆಯದಲ್ಲ, ಅಷ್ಟೇ ಹೇಳಬಹುದು.

ಬೇರೆ ಕಂಪನಿಗಳ ಮುದ್ರೆಯಲ್ಲಿ ಬರುವ 'ಮೆದಾಯ್ ದ ಬ್ರೋಂಜ್' ಅಂದರೂ ಕಂಚಿನ ಪದಕ ಎಂದೇ ಅರ್ಥ. ಗಡಿಯಾರದ ಮೈ ಕಂಚಿನದು ಅಂತಲ್ಲ. ಕಂಚಿನ ಬಣ್ಣ ಬಳಿದ ಸತುವಿನ ಗಡಿಯಾರಗಳು ಬೇಕಾದಷ್ಟಿವೆ. ಅಯಸ್ಕಾಂತ ಎರಡಕ್ಕೂ ಅಂಟುವುದಿಲ್ಲ, ಆ ಪರೀಕ್ಷೆ ಸುಮ್ನೆ. ತಳದಲ್ಲಿ ಬಣ್ಣ ಹೋದ ಜಾಗ ಹುಡುಕಿ. ಬೂದು ಬಣ್ಣ ಕಂಡರೆ ಸತು.