ಫೈವ್ ಸ್ಟಾರ್ ಕೊಡಿ ಸಾರ್, ದೋಸೆ ಆಮೇಲೆ

ಮಸಾಲೆ ದೋಸೆ ಚೆನ್ನಾಗಿದೆ ಅಂತ ಗೊತ್ತಾಗೋಕೆ ಎಷ್ಟು ಹೊತ್ತು ಬೇಕು? ನಮ್ಮ ನಿಮ್ಮಂಥವರಿಗಾದರೆ ಮೊದಲು ನಾಲಿಗೆ ಸುಡಬೇಕು, ಊದಿಕೊಂಡು ಅಗಿಯಬೇಕು, ಪಲ್ಯಕ್ಕೆ ಉಪ್ಪು ಸಾಕಾ ನೋಡಬೇಕು, ಚಟ್ನಿ ಎರಡನೇ ಸಲ ಹಾಕಿಸಿಕೊಳ್ಳಬೇಕು. ರೀಲ್ಸ್ ಮಾಡುವವರಿಗೆ ಅಷ್ಟೆಲ್ಲ ಪುರಸೊತ್ತಿಲ್ಲ. ದೋಸೆ ಇನ್ನೂ ತುಟಿಯಿಂದ ಅರ್ಧ ಇಂಚು ದೂರ ಇರುವಾಗಲೇ ಕಣ್ಣು ಮೇಲಕ್ಕೆ ಹೋಗಿರುತ್ತದೆ, ಖಾಲಿ ಕೈ ಗಾಳಿಯಲ್ಲಿ ಕುಣಿಯುತ್ತಿರುತ್ತದೆ. "ಏನ್ ಗುರೂ ಇದು! ಬಾಯಲ್ಲಿಟ್ರೆ ಹಾಗೇ ಕರಗುತ್ತೆ!" ಹತ್ತು ಸೆಕೆಂಡ್ ಹಿಂದೆ ಗರಿಗರಿ ಅಂದಿದ್ದರಲ್ಲ ಸ್ವಾಮಿ, ಅದು ಕರಗೋದು ಹೇಗೆ? ಕೇಳುವಂತಿಲ್ಲ. ಅಷ್ಟರಲ್ಲಿ ಕ್ಯಾಮೆರಾ ತುಪ್ಪದ ಸೌಟಿಗೆ ಹೋಗಿರುತ್ತದೆ, ತುಪ್ಪ ಸ್ಲೋ ಮೋಷನ್‌ನಲ್ಲಿ ಬೀಳುತ್ತಿರುತ್ತದೆ, ಹಿಂದೆ ಹೀರೋ ಎಂಟ್ರಿಗೆ ಹಾಕುವ ಮ್ಯೂಸಿಕ್ಕು.

ಕೊನೆಗೆ ಬರುತ್ತದೆ ನೋಡಿ ಅಸಲಿ ಮಾತು. "ಲೊಕೇಶನ್ ಬೇಕು ಅಂದ್ರೆ ಕಾಮೆಂಟ್‌ನಲ್ಲಿ ದೋಸೆ ಅಂತ ಟೈಪ್ ಮಾಡಿ." ಮೇನ್ ರೋಡಿನಲ್ಲಿ, ಬಸ್ ಸ್ಟಾಪಿನ ಎದುರಿಗೆ, ಇಪ್ಪತ್ತು ಅಡಿ ಬೋರ್ಡು ಹಾಕಿಕೊಂಡು ಕೂತಿರುವ ಹೋಟೆಲಿನ ವಿಳಾಸ ತಿಳಿಯೋಕೆ ಜನ ಸಾಲಾಗಿ ನಿಂತು ದೋಸೆ, ದೋಸೆ, ದೋಸೆ ಅಂತ ಬರೆಯುತ್ತಾರೆ. ಅಷ್ಟು ಕಾಮೆಂಟ್ ಬಿದ್ದರೆ ಎಂಗೇಜ್‌ಮೆಂಟ್ ಏರುತ್ತದೆ (ಮದುವೆಯದ್ದಲ್ಲ, ಲೈಕು ಕಾಮೆಂಟುಗಳ ಲೆಕ್ಕ), ಎಂಗೇಜ್‌ಮೆಂಟ್ ಏರಿದರೆ ರೀಚ್ ಏರುತ್ತದೆ, ಅಂದರೆ ವಿಡಿಯೋ ಇನ್ನಷ್ಟು ಜನಕ್ಕೆ ಕಾಣುತ್ತದೆ, ರೀಚ್ ಏರಿದರೆ ಮುಂದಿನ ಹೋಟೆಲಿನವರು ಫೋನ್ ಮಾಡುತ್ತಾರೆ. ದುಡಿದವರು ಟೈಪ್ ಮಾಡಿದವರು. ಅವರಿಗೆ ಸಿಕ್ಕಿದ್ದು ಬಸ್ ಸ್ಟಾಪಿನ ವಿಳಾಸ.

ಈ ವ್ಯವಹಾರಕ್ಕೆ ಬಾರ್ಟರ್ ಕೊಲ್ಯಾಬ್ ಅನ್ನುತ್ತಾರೆ. ಹೈಸ್ಕೂಲಿನ ಸಮಾಜ ಪಾಠದಲ್ಲಿ ಓದಿದ್ದೆವಲ್ಲ, ನಾಣ್ಯ ಬರುವುದಕ್ಕೆ ಮುಂಚೆ ಜನ ಭತ್ತ ಕೊಟ್ಟು ಉಪ್ಪು ತಗೊಳ್ಳುತ್ತಿದ್ದರು ಅಂತ, ಅದೇ. ಈಗ ಊಟ ಕೊಟ್ಟು ಹೊಗಳಿಕೆ ತಗೊಳ್ಳುತ್ತಾರೆ. ಫಾಲೋವರ್ಸ್ ಜಾಸ್ತಿ ಆದ ಮೇಲೆ ಬರೀ ಊಟಕ್ಕೆ ಹೊಗಳಿಕೆ ಹುಟ್ಟುವುದಿಲ್ಲ, ರೇಟ್ ಕಾರ್ಡ್ ಬರುತ್ತದೆ. ಸ್ಟೋರಿಗೆ ಇಷ್ಟು, ರೀಲಿಗೆ ಇಷ್ಟು, ಪೇಜಿನ ತಲೆಯ ಮೇಲೆ ಪಿನ್ ಮಾಡಿ ಇಡೋಕೆ ಇಷ್ಟು. ಮನಸ್ಸು ಬಿಚ್ಚಿ ಅಭಿಪ್ರಾಯ ಹೇಳೋಕೂ ಅಡ್ವಾನ್ಸ್ ಉಂಟು.

ಹಾಗಂತ ಕಾನೂನು ಇಲ್ಲ ಅಂದುಕೊಳ್ಳಬೇಡಿ. ಜಾಹೀರಾತು ಕಂಪನಿಗಳೇ ಕಟ್ಟಿಕೊಂಡಿರುವ ಎಎಸ್‌ಸಿಐ ಅನ್ನೋ ಸಂಸ್ಥೆ 2021ರಲ್ಲೇ ಹೇಳಿತು, ದುಡ್ಡೋ ಫ್ರೀ ಮಾಲೋ ತಗೊಂಡು ಹೊಗಳಿದರೆ ಅದು ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಬರೆಯಿರಿ ಅಂತ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಅದನ್ನೇ ಹೇಳಿತು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ. ಯಾವ ಭಾಷೆಯಲ್ಲಿ ಹೊಗಳುತ್ತೀರೋ ಆ ಭಾಷೆಯಲ್ಲೇ ತಿಳಿಸಬೇಕು ಅಂತಲೂ ಇದೆ. ಈಗ ನೀವೇ ನೆನಪು ಮಾಡಿಕೊಳ್ಳಿ, ಅಚ್ಚ ಕನ್ನಡದಲ್ಲಿ ಮಗಾ ಮಚ್ಚಾ ಅಂತ ಒಂದೂವರೆ ನಿಮಿಷ ಮಾತಾಡುವ ಯಾವ ಪುಣ್ಯಾತ್ಮ ಕೊನೆಗೆ "ಇದು ಜಾಹೀರಾತು, ನಂಗೆ ದುಡ್ಡು ಕೊಟ್ಟಿದ್ದಾರೆ" ಅಂದಿದ್ದಾನೆ? ಹೆಸರಿನ ಕೆಳಗೆ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ ಪೇಯ್ಡ್ ಪಾರ್ಟ್‌ನರ್‌ಶಿಪ್ ಅಂತ ಇದ್ದರೆ ಅದೇ ದೊಡ್ಡ ಪ್ರಾಮಾಣಿಕತೆ. ಕ್ರೀಮಿನ ಟ್ಯೂಬು ಹಿಡಿದವರಂತೂ ಆ ಮಾತನ್ನು ಹ್ಯಾಷ್‌ಟ್ಯಾಗುಗಳ ಗುಂಪಿನ ಮಧ್ಯೆ, ಸಂತೆಯಲ್ಲಿ ಸಾಲಗಾರ ತಲೆ ಮರೆಸಿಕೊಂಡ ಹಾಗೆ ನಿಲ್ಲಿಸಿರುತ್ತಾರೆ.

ಇದೆಲ್ಲ ಬರೀ ಟೈಂಪಾಸ್ ಆಗಿದ್ದರೆ ನಗಬಹುದಿತ್ತು. ಆದರೆ ಜನ ಹುಡುಕೋದೇ ಇಲ್ಲಿ. 2022ರಲ್ಲಿ ಗೂಗಲ್‌ನ ಹಿರಿಯ ಅಧಿಕಾರಿ ಪ್ರಭಾಕರ್ ರಾಘವನ್ ಅವರೇ ಒಪ್ಪಿಕೊಂಡಿದ್ದರು: ಮಧ್ಯಾಹ್ನದ ಊಟಕ್ಕೆ ಜಾಗ ಹುಡುಕುವಾಗ ಸುಮಾರು ಶೇ. 40ರಷ್ಟು ಹುಡುಗ ಹುಡುಗಿಯರು ಗೂಗಲ್‌ಗೆ ಬರೋದೇ ಇಲ್ಲ, ಟಿಕ್‌ಟಾಕ್‌ಗೋ ಇನ್‌ಸ್ಟಾಗ್ರಾಂಗೋ ಹೋಗುತ್ತಾರೆ ಅಂತ. ಅವರು ಹೇಳಿದ್ದು ಅಮೆರಿಕದ ಮಾತು. ನಮ್ಮಲ್ಲಿ 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಾಗಿಲು ಹಾಕಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಅಂಗಡಿ ತೆರೆಯಿತು. ಕುಣಿಯುವವರು ಬಹಳ ದಿನ ಬೀದಿಯಲ್ಲಿ ನಿಲ್ಲಲಿಲ್ಲ.

ಅಲ್ಲಿಂದ ಶುರುವಾಯ್ತು ಹಿಡನ್ ಜೆಮ್, ಅಂದರೆ ಯಾರ ಕಣ್ಣಿಗೂ ಬೀಳದ ರತ್ನ ಅನ್ನೋ ಹಾವಳಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಹಾಕುತ್ತಿದೆ, ಇನ್‌ಸ್ಟಾಗ್ರಾಂ ಹುಟ್ಟುವ ಎಷ್ಟೋ ವರ್ಷ ಮೊದಲೇ ಅಲ್ಲಿ ಕ್ಯೂ ಇತ್ತು. ಅದನ್ನೂ ಯಾರಾದರೂ "ಬೆಂಗಳೂರಿನವರಿಗೇ ಗೊತ್ತಿಲ್ಲದ ಜಾಗ" ಅಂತ ತೋರಿಸಿದರೆ ಆಶ್ಚರ್ಯಪಡಬೇಡಿ. ಹಿಂದೆ ನಿಂತ ಐವತ್ತು ಜನ ಬೆಂಗಳೂರಿನವರು ಫ್ರೇಮಿನಲ್ಲೇ ಇರುತ್ತಾರೆ.

ರೀಲ್ಸ್ ನಂಬದವರು ಸ್ಟಾರ್ ನಂಬುತ್ತಾರೆ. ಬಿಲ್ಲಿನ ಜೊತೆ ಈಗ ಸೋಂಪು ಬರುವುದಕ್ಕಿಂತ ಮೊದಲು ಕ್ಯೂಆರ್ ಕೋಡ್ ಬರುತ್ತದೆ. "ಸಾರ್, ಫೈವ್ ಸ್ಟಾರ್ ಕೊಡಿ ಸಾರ್, ನನ್ ಹೆಸರು ಹಾಕಿ ಸಾರ್." ಹುಡುಗ ಪಕ್ಕದಲ್ಲೇ ನಿಂತು ನಮ್ಮ ಹೆಬ್ಬೆರಳನ್ನೇ ನೋಡುತ್ತಿರುವಾಗ ಮೂರು ಸ್ಟಾರ್ ಒತ್ತುವ ಧೈರ್ಯ ಯಾರಿಗಿದೆ? ಸಾಂಬಾರು ತಣ್ಣಗಿತ್ತು ಅಂತ ಗೊಣಗಿಕೊಂಡೇ "ಅಮೇಜಿಂಗ್ ಆಂಬಿಯೆನ್ಸ್" ಅಂತ ಬರೆದು ಬರುತ್ತೇವೆ. ನಾಳೆ ಇನ್ಯಾರೋ ಅದನ್ನು ಓದಿ ಅದೇ ತಣ್ಣನೆ ಸಾಂಬಾರಿಗೆ ಬರುತ್ತಾರೆ, ಅವರೂ ಬರೆಯುತ್ತಾರೆ.

ಈ ಕಲೆ ಹೊಸದೇನಲ್ಲ ಬಿಡಿ. ಫೇಸ್‌ಬುಕ್ ಥರದ್ದೇ ಜಾಲತಾಣ ಆರ್ಕುಟ್ ನೆನಪಿದೆಯಾ? 2004ರಲ್ಲಿ ಬಂದು 2014ರಲ್ಲಿ ಕಣ್ಣು ಮುಚ್ಚಿತಲ್ಲ, ಅದರಲ್ಲಿ ಟೆಸ್ಟಿಮೋನಿಯಲ್ ಅಂತ ಒಂದಿತ್ತು. "ನಂಗೊಂದು ಬರಿಯೋ, ನಿಂಗೂ ಬರೀತೀನಿ" ಅಂತ ಕ್ಲಾಸಿನ ದಡ್ಡರೆಲ್ಲ ಒಬ್ಬರನ್ನೊಬ್ಬರು ಚಿನ್ನದಂಥ ಮನಸ್ಸು, ಅದ್ಭುತ ವ್ಯಕ್ತಿತ್ವ ಅಂತ ಬರೆದುಕೊಂಡಿದ್ದರು. ಇವತ್ತಿನ ರಿವ್ಯೂ ಮಾರ್ಕೆಟ್ ಇಡೀ ಅದೇ, ಮಧ್ಯೆ ಯುಪಿಐ ಬಂದಿದೆ ಅಷ್ಟೇ.

ಇದು ಎಲ್ಲಿವರೆಗೆ ಹೋಗಬಹುದು ಅಂತ 2017ರಲ್ಲಿ ಲಂಡನ್ನಿನ ಒಬ್ಬ ಪತ್ರಕರ್ತ ತೋರಿಸಿಕೊಟ್ಟ. ಊಬಾ ಬಟ್ಲರ್ ಅಂತ ಹೆಸರು. ಹಿಂದೆ ದುಡ್ಡಿಗೆ ಸುಳ್ಳು ರಿವ್ಯೂ ಬರೆದು ಪಳಗಿದವನು. ಡಲ್ವಿಚ್ ಅನ್ನೋ ಏರಿಯಾದಲ್ಲಿ ತಾನಿದ್ದ ಹಿತ್ತಲ ಶೆಡ್ಡನ್ನೇ, ಜನ ಹೋಟೆಲುಗಳಿಗೆ ರಿವ್ಯೂ ಬರೆಯುವ ಟ್ರಿಪ್‌ಅಡ್ವೈಸರ್ ಅನ್ನೋ ವೆಬ್‌ಸೈಟಿನಲ್ಲಿ ರೆಸ್ಟೋರೆಂಟ್ ಅಂತ ಹಾಕಿದ. ಶೇವಿಂಗ್ ಫೋಮನ್ನೇ ಕ್ರೀಮ್ ಅಂತ ಫೋಟೋ ತೆಗೆದ. ಒಂದು ತಿಂಡಿಯ ಫೋಟೋದಲ್ಲಿ ಇದ್ದದ್ದು ಅವನ ಕಾಲಿನ ಹಿಮ್ಮಡಿ! ಗೆಳೆಯರೆಲ್ಲ ಸೇರಿ ರಿವ್ಯೂ ಬರೆದರು. ಬುಕಿಂಗ್ ಕೇಳಿದವರಿಗೆ "ಫುಲ್ ಆಗಿದೆ" ಅಂದ. ಸಿಗೋದಿಲ್ಲ ಅಂದ ಮೇಲೆ ಕೇಳಬೇಕೇ, ಜನ ಇನ್ನೂ ಜಾಸ್ತಿ ಫೋನ್ ಮಾಡಿದರು. ಹದಿನೆಂಟು ಸಾವಿರ ಚಿಲ್ಲರೆ ಹೋಟೆಲುಗಳಿರುವ ಲಂಡನ್ನಿನಲ್ಲಿ, ಆರೇ ತಿಂಗಳಿಗೆ, ಒಂದು ಪ್ಲೇಟ್ ಊಟವನ್ನೂ ಕೊಡದ ಆ ಶೆಡ್ಡು ನಂಬರ್ ಒನ್ ಆಯ್ತು. ಆಮೇಲೆ ಒಂದು ರಾತ್ರಿ ನಿಜಕ್ಕೂ ಬಾಗಿಲು ತೆಗೆದು ಅಂಗಡಿಯಿಂದ ತಂದ ಅಗ್ಗದ ರೆಡಿಮೇಡ್ ಊಟ ಬಿಸಿ ಮಾಡಿ ಬಡಿಸಿದ. ತಿಂದವರಲ್ಲಿ ಕೆಲವರು ಮತ್ತೆ ಯಾವಾಗ ಬರಬಹುದು ಅಂತ ಕೇಳಿ ಹೋದರು.

ನಮ್ಮ ಸರ್ಕಾರವೂ ಸುಮ್ನೆ ಕೂತಿಲ್ಲ. ಪ್ರೆಷರ್ ಕುಕ್ಕರಿಗೆ ಐಎಸ್‌ಐ ಮಾರ್ಕ್ ಕೊಡುವ ಬಿಐಎಸ್, 2022ರಲ್ಲಿ ಆನ್‌ಲೈನ್ ರಿವ್ಯೂಗೂ ಒಂದು ಸ್ಟ್ಯಾಂಡರ್ಡ್ ತಂದಿತು. ಐಎಸ್ 19000. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಹಾಕಬಾರದು ಅಂತ ಅದರಲ್ಲಿದೆ. ತಂದಾಗ ಕಡ್ಡಾಯ ಮಾತ್ರ ಮಾಡಲಿಲ್ಲ, ಇಷ್ಟ ಇದ್ದವರು ಪಾಲಿಸಬಹುದು ಅಂದರು. ಇಷ್ಟ ಇದ್ದವರು!

ಹೋಟೆಲಾದರೂ ಹಾಳಾಗಲಿ, ಬೆಟ್ಟಗುಡ್ಡ ಏನು ಮಾಡಿದ್ದವು? "ಯಾರಿಗೂ ಗೊತ್ತಿಲ್ಲದ ಟ್ರೆಕ್" ಅಂತ ಎಲ್ಲರಿಗೂ ಹೇಳಿ ಹೇಳಿ, 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಕಾಡುದಾರಿ ಸಂಜೆ ಆರರ ಮೆಜೆಸ್ಟಿಕ್ ಆಯ್ತು. ಅರಣ್ಯ ಇಲಾಖೆ ಚಾರಣಕ್ಕೇ ತಡೆ ಹಾಕಿ ಆನ್‌ಲೈನ್ ಬುಕಿಂಗ್ ತರಬೇಕಾಯ್ತು. ಅದಕ್ಕೂ ಮೊದಲು, 2023ರ ಮಳೆಗಾಲದಲ್ಲಿ ಗೋವಾದ ದೂಧ್‌ಸಾಗರ್ ಜಲಪಾತದ ಕಥೆ. ರೈಲು ಹಳಿ ಮೇಲೆ ನಡೆದು ಹೋಗಬೇಡಿ ಅಂತ ಹುಬ್ಬಳ್ಳಿಯ ನೈಋತ್ಯ ರೈಲ್ವೆ ಬೇಡಿಕೊಂಡರೂ ಕೇಳದೆ ಹೋದವರನ್ನು ಪೊಲೀಸರು ಹಿಡಿದು, ಹಳಿ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸಿದರು. ಒಳ್ಳೇದೇ ಆಯ್ತು ಅಲ್ವಾ? ಆ ಬಸ್ಕಿಯ ವಿಡಿಯೋ ದೇಶವೆಲ್ಲ ಓಡಾಡಿತು. ದೂಧ್‌ಸಾಗರ್ ಎಲ್ಲಿದೆ ಅಂತ ಗೊತ್ತಿಲ್ಲದವರಿಗೂ ಗೊತ್ತಾಯ್ತು. ಗೋವಾ ಪ್ರವಾಸೋದ್ಯಮದವರು ದುಡ್ಡು ಸುರಿದರೂ ಅಂಥ ಪ್ರಚಾರ ಸಿಗುತ್ತಿರಲಿಲ್ಲ. ಕಿವಿ ಹಿಡಿದುಕೊಂಡವರು ಊರಿಗೆ ಬಂದ ಮೇಲೆ ಆ ವಿಡಿಯೋವನ್ನೂ ಸ್ಟೋರಿಗೆ ಹಾಕಿಕೊಂಡಿದ್ದರೆ ಅದೂ ಕಂಟೆಂಟೇ.

ಕೆಲಸ ಕೊಡುವವರು, ಹುಡುಕುವವರು ಸೇರುವ ಜಾಲತಾಣ ಲಿಂಕ್ಡ್‌ಇನ್‌ನವರ ಬಗ್ಗೆ ಎರಡೇ ಮಾತು. "ಇವತ್ತು ಆಟೋ ಅಣ್ಣನಿಂದ ಐದು ಬದುಕಿನ ಪಾಠ ಕಲಿತೆ" ಅಂತ ಶುರುವಾಗಿ, ಆರನೆಯದಾಗಿ "ನಮ್ಮ ಕಂಪನಿಯಲ್ಲಿ ಕೆಲಸ ಖಾಲಿ ಇದೆ" ಅಂತ ಮುಗಿಯುತ್ತದೆ. ಮೀಟರ್ ಮೇಲೆ ಆಟೋ ಅಣ್ಣ ಎಷ್ಟು ಕೇಳಿದ ಅನ್ನೋದು ಅದರಲ್ಲಿ ಇರೋದಿಲ್ಲ.

ಇಷ್ಟು ದಿನ ಈ ಬೊಗಳೆಯನ್ನೆಲ್ಲ ಮನುಷ್ಯರು ಓದುತ್ತಿದ್ದರು, ಅರ್ಧ ನಂಬಿ ಅರ್ಧ ಬಿಡುತ್ತಿದ್ದರು. ಈಗ ಯಂತ್ರವೂ ಓದುತ್ತಿದೆ, ಅದು ಪೂರ್ತಿ ನಂಬುತ್ತದೆ. 2024ರ ಮೇ ತಿಂಗಳಲ್ಲಿ ಗೂಗಲ್ ತನ್ನ ಹುಡುಕಾಟದ ತಲೆಯ ಮೇಲೆ ಎಐ ಉತ್ತರ ಕೂರಿಸಿತಲ್ಲ, ಪಿಜ್ಜಾದಿಂದ ಚೀಸ್ ಜಾರುತ್ತೆ ಏನು ಮಾಡೋದು ಅಂತ ಕೇಳಿದವರಿಗೆ ಅದು ಸಾಸ್‌ಗೆ ಸ್ವಲ್ಪ ಗೋಂದು ಹಾಕಿ ಅಂದಿತು. ಹುಡುಕಿ ನೋಡಿದರೆ, ಅದಕ್ಕೂ ಹನ್ನೊಂದು ವರ್ಷದ ಹಿಂದೆ ರೆಡಿಟ್ ಅನ್ನೋ ಹರಟೆಕಟ್ಟೆಯಂಥ ವೆಬ್‌ಸೈಟಿನಲ್ಲಿ ಯಾರೋ ತಮಾಷೆಗೆ ಹಾಕಿದ್ದ ಕಾಮೆಂಟು.

ನಮ್ಮ ಕಡೆಯ ತಮಾಷೆಗಾರರು ಕಮ್ಮಿ ಇಲ್ಲ. ಮೈಸೂರು ಪಾಕ್ ವಿಡಿಯೋದ ಕೆಳಗೆ ಒಬ್ಬರು ಗೃಹಿಣಿ ಪಾಪ, ಪಾಕು ಗಟ್ಟಿ ಆಗ್ತಿಲ್ಲ ಏನು ಮಾಡ್ಲಿ ಅಂತ ಕೇಳಿಕೊಂಡಿದ್ದರು. "ಎರಡು ಚಮಚ ವೈಟ್ ಸಿಮೆಂಟ್ ಹಾಕಿ ಅಕ್ಕಾ" ಅಂತ ಒಬ್ಬ ಉತ್ತರ ಕೊಟ್ಟಿದ್ದಾನೆ. ಅದರ ಕೆಳಗೆ ಇನ್ನೊಬ್ಬ, "ನಮ್ಮನೇಲಿ ಟ್ರೈ ಮಾಡಿದ್ವಿ, ಸೂಪರ್ ಆಗಿ ಬಂತು, ಫೈವ್ ಸ್ಟಾರ್."