ನ್ಯೂಟನ್ ಒಂದೇ ಸಾಲದು

ಸಮೀಕರಣದ ಮೂಲ (ಅದನ್ನು ಸೊನ್ನೆ ಮಾಡುವ ಬೆಲೆ) ಹುಡುಕುವ ಪುಟ್ಟ ಸಾಫ್ಟ್‌ವೇರ್ ಲೈಬ್ರರಿಗೆ, ವಕ್ರರೇಖೆಯ ಇಳಿಜಾರು ಹಿಡಿದು ಊಹೆಯನ್ನು ತಿದ್ದುತ್ತಾ ಹೋಗುವ ನ್ಯೂಟನ್ ವಿಧಾನ ಒಂದೇ ಸಾಕು ಎಂದು ಲೇಖನದಲ್ಲಿ ಹೇಳಿದ್ದೀರಿ. ನಾನು ಒಪ್ಪುವುದಿಲ್ಲ.

ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಆಷಾಢದ ಮಳೆಗೆ ತೋಟದ ಕಾಲುವೆಯಲ್ಲಿ ನೀರು ಎಷ್ಟು ಎತ್ತರ ಬರುತ್ತದೆ ಎಂದು ನೋಡಲು ಕಾಲುವೆಯ ಹರಿವು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರ ಹಿಡಿದು ಕೂತಿದ್ದೆ. ಆಳ ಗೊತ್ತಿದ್ದರೆ ಹರಿವು ಸಲೀಸಾಗಿ ಸಿಗುತ್ತದೆ, ಆದರೆ ಹರಿವಿನಿಂದ ಆಳಕ್ಕೆ ಬರಲು ನೇರ ದಾರಿಯೇ ಇಲ್ಲ, ಮೂಲ ಹುಡುಕಲೇಬೇಕು. ಖಾಲಿ ಕಾಲುವೆ ಅಲ್ವಾ ಅಂತ ಊಹೆಯನ್ನು ಸೊನ್ನೆಯಿಂದ ಶುರು ಮಾಡಿದೆ. ಅಲ್ಲಿ ಆಳಕ್ಕೆ ಹರಿವು ತೋರಿಸುವ ವಕ್ರರೇಖೆಯ ಇಳಿಜಾರೇ ಸೊನ್ನೆ. ನ್ಯೂಟನ್ ವಿಧಾನ ಅದರಿಂದಲೇ ಭಾಗಿಸಬೇಕು, ಹಾಗಾಗಿ ಮೊದಲ ಹೆಜ್ಜೆಯಲ್ಲೇ ನಿಂತುಹೋಯಿತು.

ಆಮೇಲೆ 0 ಮತ್ತು 1 ಮೀಟರ್ ನಡುವೆ ಅರ್ಧ ಅರ್ಧ ಮಾಡುತ್ತಾ ಹೋದೆ. ಎರಡು ತುದಿಯಲ್ಲಿ ಸೂತ್ರದ ಹರಿವಿಗೂ ಬೇಕಾದ ಹರಿವಿಗೂ ಇರುವ ವ್ಯತ್ಯಾಸದ ಚಿಹ್ನೆ (ಧನ, ಋಣ) ಬೇರೆ ಇದ್ದರೆ ಸಾಕು, 10 ಹೆಜ್ಜೆಗೆ ಉತ್ತರ ಒಂದು ಮಿಲಿಮೀಟರಿನೊಳಗೆ ಬರುತ್ತದೆ. ನಿಧಾನ ನಿಜ, ಆದರೆ ಕೈಬಿಡುವುದಿಲ್ಲ. ಈ ಭದ್ರತೆಯ ಜೊತೆ ವೇಗವೂ ಬೇಕೆಂದರೆ 1973ರಲ್ಲಿ ಗಣಿತಜ್ಞ ರಿಚರ್ಡ್ ಬ್ರೆಂಟ್ ತಮ್ಮ ಪುಸ್ತಕದಲ್ಲಿ ಕೊಟ್ಟ ವಿಧಾನ ಇದೆ, ಅದಕ್ಕೆ ಡಿರೈವೇಟಿವ್ (ಆ ಇಳಿಜಾರು) ಕೂಡ ಬೇಡ. ದಯವಿಟ್ಟು ಅದನ್ನು ಸೇರಿಸಿ. ಮೂಲ ಸಿಗದಿದ್ದಾಗ ಸುಮ್ನೆ ಒಂದು ಸಂಖ್ಯೆ ಕೊಡದೆ, ಸಿಗಲಿಲ್ಲ ಎಂದು ಸ್ಪಷ್ಟವಾಗಿ ಹೇಳುವ ಹಾಗೂ ಮಾಡಿ.